ಕೊಳಲು ತುಟಿಗೆ ತಾಗಿದರೆ ಮಿಂಚುವ ನೋವು

ಕೆನ್ನೆ, ದವಡೆ, ತುಟಿಗಳಲ್ಲಿ ಕರೆಂಟ್ ಹೊಡೆದಂತೆ ಬಂದು ಹೋಗುವ ತೀವ್ರ ನೋವಿಗೆ ವೈದ್ಯಕೀಯದಲ್ಲಿ ಟ್ರೈಜೆಮಿನಲ್ ನ್ಯೂರಾಲ್ಜಿಯಾ ಎಂದು ಹೆಸರು. ಕನ್ನಡದಲ್ಲಿ ಇದನ್ನು ಮುಖದ ನರಶೂಲೆ ಎನ್ನಬಹುದು. ಒಂದೊಂದು ಸೆಳೆತ ಅರೆಕ್ಷಣದಿಂದ ಹೆಚ್ಚೆಂದರೆ 2 ನಿಮಿಷ ಇರುತ್ತದೆ. ದಿನಕ್ಕೆ ಹತ್ತಾರು ಬಾರಿ ಮರುಕಳಿಸಬಹುದು. ಸಾಮಾನ್ಯವಾಗಿ ಮುಖದ ಒಂದೇ ಬದಿಯಲ್ಲಿ ಕಾಣಿಸಿಕೊಳ್ಳುವ ಈ ಶೂಲೆ 50 ದಾಟಿದವರಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಅದನ್ನು ಕೆಣಕಲು ಪೆಟ್ಟೇನೂ ಬೇಕಿಲ್ಲ. ತಂಗಾಳಿ, ಹಲ್ಲುಜ್ಜುವ ಬ್ರಷ್, ಒಂದು ತುತ್ತು, ಒಂದು ಮಾತು ಸಾಕು. ಕೊಳಲು ನುಡಿಸುವ, ಹಾಡುವ ಹವ್ಯಾಸವುಳ್ಳವರಿಗೆ ಅವರ ಪ್ರೀತಿಯ ಸಾಧನೆಯೇ ನೋವಿನ ಕೀಲಿಯಾಗಿಬಿಡುತ್ತದೆ.

ಮೂರು ಕವಲಿನ ನರ

ಮಿದುಳಿಗೆ ಸೇರಿದ 12 ಜೋಡಿ ನರಗಳಲ್ಲಿ ಟ್ರೈಜೆಮಿನಲ್ 5ನೆಯದು. ಹಣೆ ಮತ್ತು ಕಣ್ಣು, ಕೆನ್ನೆ ಮತ್ತು ಮೇಲ್ದವಡೆ, ಕೆಳದವಡೆ ಮತ್ತು ಗದ್ದ: ಹೀಗೆ ಮೂರು ಕವಲಾಗಿ ಅದು ಮುಖದ ಸ್ಪರ್ಶವನ್ನೆಲ್ಲ ಮಿದುಳಿಗೆ ಒಯ್ಯುತ್ತದೆ. ಬಹುಪಾಲು ರೋಗಿಗಳಲ್ಲಿ ಮಿದುಳಕಾಂಡದ ಬಳಿ ರಕ್ತನಾಳವೊಂದು ಈ ನರದ ಬುಡವನ್ನು ಒತ್ತುತ್ತಿರುತ್ತದೆ. ನಾಡಿ ಬಡಿದಂತೆಲ್ಲ ನರದ ಹೊರಕವಚ ಸವೆದು, ಸ್ಪರ್ಶದ ಸಂಕೇತ ಪಕ್ಕದ ನೋವಿನ ತಂತುವಿಗೆ ಹಾರುತ್ತದೆ. ಕೆಲವರಲ್ಲಿ ಗಡ್ಡೆಯೋ ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆಯೋ ಕಾರಣವಾಗಿರುವುದರಿಂದ ಎಂಆರ್‌ಐ ಪರೀಕ್ಷೆ ಅಗತ್ಯ. ನೋವು ಹಲ್ಲಿನಿಂದಲೇ ಬಂದಂತೆ ಅನಿಸುವುದರಿಂದ ಚೆನ್ನಾಗಿರುವ ಹಲ್ಲನ್ನು ಕೀಳಿಸಿಕೊಂಡು, ಆಮೇಲೂ ನರಳುವವರಿದ್ದಾರೆ.

ಕೊಳಲಿನ ಮುಖರಂಧ್ರ ಕೂರುವುದು ಕೆಳತುಟಿ ಮತ್ತು ಗದ್ದದ ನಡುವೆ. ಅಲ್ಲಿನ ಸ್ಪರ್ಶಜ್ಞಾನ ಮೂರನೆಯ ಕವಲಿನ ಎಳೆಯೊಂದರದು. ತುಟಿಯನ್ನು ಆಡಿಸುವುದು ಬೇರೆ ನರ, 7ನೆಯದು. ಅದಕ್ಕೆ ಏನೂ ಆಗಿರುವುದಿಲ್ಲ. ಉಸಿರಿನ ಹಿಡಿತ, ಬೆರಳಿನ ಓಟ, ತುಟಿಯ ಪಳಗಿಕೆ ಎಲ್ಲ ಹಾಗೆಯೇ ಉಳಿದಿದ್ದರೂ ಬಿದಿರು ತಾಗಿದೊಡನೆ ಮಿಂಚು ಹೊಡೆಯುತ್ತದೆ. ಹಾಡುವವರಿಗೆ ಅಕಾರಕ್ಕೆ ಬಾಯಿ ತೆರೆಯುವುದೇ ಕಷ್ಟ. ಶೂಲೆ ತಿಂಗಳುಗಟ್ಟಲೆ ತಾನಾಗಿ ತಣ್ಣಗಾಗುವುದೂ ಉಂಟು. ಆದರೆ ಮತ್ತೆ ಬಂದೀತೆಂಬ ಭಯದಲ್ಲಿ ಆ ಬಿಡುವಿನಲ್ಲೂ ಸಾಧನೆ ನಿಂತುಹೋಗುತ್ತದೆ.

ಔಷಧ ಮತ್ತು ಶ್ರುತಿ

ಸಾಮಾನ್ಯ ನೋವಿನ ಮಾತ್ರೆ ಇದಕ್ಕೆ ನಾಟುವುದಿಲ್ಲ. 1960ರ ದಶಕದಿಂದ ಬಳಕೆಯಲ್ಲಿರುವ, ಮೂರ್ಛೆರೋಗಕ್ಕೂ ಕೊಡುವ ಕಾರ್ಬಮಝೆಪಿನ್ ಮೊದಲ ಆಯ್ಕೆ. ಕಡಿಮೆ ಪ್ರಮಾಣದಿಂದ ಆರಂಭಿಸಿ ನಿಧಾನವಾಗಿ ಏರಿಸುತ್ತಾರೆ. ತೂಕಡಿಕೆ, ತಲೆಸುತ್ತು ಬರಬಹುದು. ರಕ್ತದಲ್ಲಿ ಸೋಡಿಯಂ ಇಳಿಯಬಹುದು. ಮೈಮೇಲೆ ಗಂದೆ ಎದ್ದರೆ ತಕ್ಷಣ ವೈದ್ಯರಿಗೆ ತಿಳಿಸಬೇಕು. ಸಂಗೀತದವರು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ: ಈ ಔಷಧದಿಂದ ಕೆಲವರಿಗೆ ಶ್ರುತಿ ಸುಮಾರು ಒಂದು ಸ್ವರಸ್ಥಾನದಷ್ಟು ತಗ್ಗಿ ಕೇಳಿಸಿದ್ದು ಜಪಾನಿನಿಂದ ಹೆಚ್ಚಾಗಿ ವರದಿಯಾಗಿದೆ. ಔಷಧ ನಿಂತರೆ ಕಿವಿ ಮೊದಲಿನಂತಾಗುತ್ತದೆ. ಆದರೆ ತಾನಾಗಿ ಮಾತ್ರೆ ಬಿಡಬಾರದು. ವೈದ್ಯರಿಗೆ ಹೇಳಿದರೆ ಪ್ರಮಾಣವನ್ನೋ ಔಷಧವನ್ನೋ ಬದಲಿಸಬಹುದು.

ಔಷಧಕ್ಕೆ ಬಗ್ಗದಿದ್ದರೆ ಶಸ್ತ್ರಚಿಕಿತ್ಸೆಯಿದೆ. ಅಮೆರಿಕದ ಪೀಟರ್ ಜನೆಟ್ಟಾ 1960ರ ದಶಕದಲ್ಲಿ ಬೆಳೆಸಿದ ವಿಧಾನದಲ್ಲಿ ಕಿವಿಯ ಹಿಂದೆ ತಲೆಬುರುಡೆ ತೆರೆದು, ನರ ಮತ್ತು ರಕ್ತನಾಳದ ನಡುವೆ ಸಣ್ಣ ಟೆಫ್ಲಾನ್ ಮೆತ್ತೆ ಇಡುತ್ತಾರೆ. ಹೆಚ್ಚಿನವರಿಗೆ ವರ್ಷಗಟ್ಟಲೆ ನೆಮ್ಮದಿ ಸಿಗುತ್ತದೆ. ಶ್ರವಣ ನರ ಅಲ್ಲೇ ಪಕ್ಕದಲ್ಲಿರುವುದರಿಂದ ಕೆಲವರಲ್ಲಿ ಆ ಬದಿಯ ಕಿವಿ ಮಂದವಾಗುವ ಅಪಾಯವಿದೆ. ಸೂಜಿಯ ಮೂಲಕ ನರಕ್ಕೆ ಶಾಖ ಅಥವಾ ಗ್ಲಿಸರಾಲ್ ಕೊಡುವುದು, ಗಾಮಾ ನೈಫ್ ವಿಕಿರಣ ಹಾಯಿಸುವುದು ಸುಲಭದ ದಾರಿಗಳು. ಆದರೆ ಮುಖ ಜೋಮು ಹಿಡಿಯಬಹುದು. ತುಟಿ ಮರಗಟ್ಟಿದರೆ ಕೊಳಲಿನ ಕೋನ ತಿಳಿಯದು. ಹಾಗಾಗಿ ತಾನು ಏನು ನುಡಿಸುತ್ತೇನೆ, ಯಾವುದು ಉಳಿಯಬೇಕು ಎಂಬುದನ್ನು ಮೊದಲ ಭೇಟಿಯಲ್ಲೇ ಹೇಳುವುದು ಚಿಕಿತ್ಸೆಯ ಭಾಗ.

ನೋವು ಹತೋಟಿಗೆ ಬರುವವರೆಗೂ ಸಂಗೀತ ಬಿಡಬೇಕಿಲ್ಲ. ವೀಣೆ ಮುಖಕ್ಕೆ ತಾಗುವುದಿಲ್ಲ. ಕರ್ನಾಟಕ ಶೈಲಿಯ ಪಿಟೀಲೂ ಎದೆ ಮತ್ತು ಪಾದದ ನಡುವೆ ನಿಲ್ಲುತ್ತದೆ. ಪಾಶ್ಚಾತ್ಯ ಶೈಲಿಯಂತೆ ದವಡೆಯಡಿ ಒತ್ತುವುದಿಲ್ಲ. ಫ್ಯಾನಿನ ಗಾಳಿ ತಪ್ಪಿಸಿ, ಮಾತ್ರೆ ಚೆನ್ನಾಗಿ ಕೆಲಸಮಾಡುವ ಹೊತ್ತಿನಲ್ಲಿ ಐದು ನಿಮಿಷ ಕೊಳಲು ಹಿಡಿಯಬಹುದು. ಅದೂ ಆಗದ ದಿನ ತಂಬೂರಿಯ ಶ್ರುತಿಗೆ ಮನಸ್ಸಿನಲ್ಲೇ ರಾಗವನ್ನು ನಡೆಸಬಹುದು.