ಮರುಭೂಮಿಯ ಚಿತ್ರಕ್ಕೆ ಆಕಾಶ ಬಂದ ಕತೆ

1873ರಲ್ಲಿ ಅಮೆರಿಕದ ಸೈನ್ಯದ ಸರ್ವೆ ತಂಡವೊಂದು ಅರಿಜೋನಾದ ಕ್ಯಾನಿಯನ್ ಡಿ ಶೇ ಎಂಬ ಕಮರಿಗೆ ಇಳಿಯಿತು. ಲೆಫ್ಟಿನೆಂಟ್ ಜಾರ್ಜ್ ವೀಲರ್ ನಡೆಸುತ್ತಿದ್ದ ಸರ್ವೆ ಅದು. ಅದರ ಫೋಟೋಗ್ರಾಫರ್ ಟಿಮೊಥಿ ಓಸಲಿವನ್. ಕಮರಿ ನವಾಹೊ ಜನರದು. 1864ರಲ್ಲಿ ಇದೇ ಸೈನ್ಯ ಅವರ ಬೆಳೆ, ಹಣ್ಣಿನ ತೋಟಗಳನ್ನು ಹಾಳುಮಾಡಿ ನೆಲ ಬಿಡಿಸಿತ್ತು. 1868ರಲ್ಲಿ ಒಪ್ಪಂದವಾಗಿ ಅವರು ಮರಳಿ ಬಂದಿದ್ದರು. ನೂರಾರು ಅಡಿ ಎತ್ತರದ ಕೆಂಪು ಮರಳುಗಲ್ಲಿನ ಗೋಡೆ, ಅದರ ಮೈಮೇಲೆ ನೆತ್ತಿಯಿಂದ ಇಳಿದ ಕಪ್ಪು ಪಟ್ಟೆಗಳು, ನಡುವೆ ಒಂದು ಪೊಟರೆಯಲ್ಲಿ ಪುಯೆಬ್ಲೊ ಜನರ ಪೂರ್ವಿಕರು ಕಟ್ಟಿದ ಹಳೆಯ ಮನೆಗಳು. ಓಸಲಿವನ್ ಅಲ್ಲಿ ತೆಗೆದ ಚಿತ್ರ ಇವತ್ತು ಫೋಟೋಗ್ರಫಿಯ ಇತಿಹಾಸ ಹೇಳುವ ಪುಸ್ತಕಗಳಲ್ಲಿ ತಪ್ಪದೆ ಸಿಗುತ್ತದೆ. ಅದರಲ್ಲಿ ಆಕಾಶವಿಲ್ಲ. ಚೌಕಟ್ಟಿನ ಈ ತುದಿಯಿಂದ ಆ ತುದಿಯವರೆಗೆ ಬಂಡೆಯೇ.

ಆಕಾಶವನ್ನು ಆತ ಬಿಟ್ಟದ್ದು ಬರೀ ಅಂದಕ್ಕಾಗಿ ಎಂದು ನನಗನ್ನಿಸುವುದಿಲ್ಲ. ಅವನ ಬೇರೆ ಮರುಭೂಮಿ ಚಿತ್ರಗಳನ್ನು ನೋಡಿ. ಬಂಡೆಯ ಬಿರುಕುಗಳನ್ನು ಒಂದೊಂದಾಗಿ ಎಣಿಸಬಹುದು. ಮೇಲೆ ಮಾತ್ರ ಬಿಳಿ ಕಾಗದ. ಆ ಸೀಮೆಯಲ್ಲಿ ಮೋಡಕ್ಕೆ ಬರವಿಲ್ಲ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿಯೂ ಮಳೆಗಾಲ, ಅದನ್ನು ಅಲ್ಲಿನವರೂ ಮಾನ್ಸೂನ್ ಎಂದೇ ಕರೆಯುತ್ತಾರೆ. ಮಧ್ಯಾಹ್ನ ತಿರುಗುತ್ತಿದ್ದಂತೆ ಮೋಡ ಏರುತ್ತದೆ. ಎಷ್ಟೋ ಸಲ ಮಳೆಯ ಕಾಲುಗಳು ನೆಲ ಮುಟ್ಟುವ ಮೊದಲೇ ಒಣ ಗಾಳಿಯಲ್ಲಿ ಆರಿಹೋಗುತ್ತವೆ. ಸಂಜೆ ಸೂರ್ಯ ಮೋಡದ ಅಂಚಿನಿಂದ ಕೆಳಗಿಳಿದ ಕೂಡಲೇ ಪಡುವಣದ ಬಿಸಿಲು ಅಡ್ಡಲಾಗಿ ಬಂದು ಬಂಡೆಯನ್ನು ಕೆಂಡವಾಗಿಸುತ್ತದೆ. ಹಿಂದೆ ಮೂಡಣದಲ್ಲಿ ಕಾರ್ಮೋಡ ನೀಲಿಗಪ್ಪಾಗಿ ನಿಂತಿರುತ್ತದೆ. ಅಷ್ಟು ವರ್ಷ ಆ ಸೀಮೆಯಲ್ಲಿ ತಿರುಗಿದ ಓಸಲಿವನ್ನನ ಕಣ್ಣಿಗೆ ಇದು ಬೀಳದೆ ಇರಲಾರದು. ಅವನ ಪ್ಲೇಟಿಗೆ ಬೀಳುತ್ತಿರಲಿಲ್ಲ.

ಆ ಪ್ಲೇಟನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 1851ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ವೆಟ್ ಪ್ಲೇಟ್ ವಿಧಾನ ಅದು. ಈಥರ್ ಮತ್ತು ಮದ್ಯಸಾರದಲ್ಲಿ ಕರಗಿಸಿದ ಕೊಲೋಡಿಯನ್ ಎಂಬ ಅಂಟುದ್ರವವನ್ನು ಗಾಜಿನ ಮೇಲೆ ಸುರಿದು, ಗಾಜನ್ನು ನಾಲ್ಕೂ ಮೂಲೆಗೆ ವಾಲಿಸಿ ಹರಡಬೇಕು. ಅಂಟು ಅರೆ ಆರಿದಾಗ ಕತ್ತಲಲ್ಲಿ ಬೆಳ್ಳಿ ನೈಟ್ರೇಟಿನ ದ್ರಾವಣದಲ್ಲಿ ಅದ್ದಬೇಕು. ಹಸಿ ಇರುವಾಗಲೇ ಕ್ಯಾಮೆರಾಕ್ಕೆ ಹಾಕಿ, ಹಸಿ ಇರುವಾಗಲೇ ಹೊರತೆಗೆದು ಡೆವಲಪ್ ಮಾಡಬೇಕು. ಒಣಗಿದರೆ ಕೆಲಸ ಕೆಟ್ಟಿತು. ಮರುಭೂಮಿಯ ಶಾಖದಲ್ಲಿ ಹಸಿ ನಿಲ್ಲುವುದೇ ಕೆಲವು ನಿಮಿಷ. ಅದಕ್ಕಾಗಿ ಓಸಲಿವನ್ ಗಾಜು, ಸೀಸೆಗಳ ಜೊತೆ ಕತ್ತಲ ಕೋಣೆಯನ್ನೂ ಗಾಡಿಯಲ್ಲಿ ಹೇರಿಕೊಂಡೇ ತಿರುಗುತ್ತಿದ್ದ. ನೆವಾಡದ ಮರಳುದಿಣ್ಣೆಗಳ ನಡುವೆ ಹೇಸರಗತ್ತೆಗಳ ಆ ಗಾಡಿ ನಿಂತಿರುವ 1867ರ ಅವನ ಚಿತ್ರ ಇವತ್ತಿಗೂ ಪ್ರಸಿದ್ಧ.

ಈ ಪ್ಲೇಟಿಗೆ ಕಾಣುತ್ತಿದ್ದುದು ನೀಲಿ, ನೇರಳೆ ಮತ್ತು ನಮ್ಮ ಕಣ್ಣಿಗೆ ಕಾಣದ ಅತಿನೇರಳೆ ಮಾತ್ರ. ಹಳದಿಗೆ ಅದು ಮಂದ, ಕೆಂಪಿಗೆ ಪೂರ್ತಿ ಕುರುಡು. ನಮ್ಮ ಊರುಗಳ ಸ್ಟುಡಿಯೋ ನೋಡಿದವರಿಗೆ ನೆನಪಿರಬಹುದು, ಪ್ರಿಂಟ್ ಹಾಕುವ ಡಾರ್ಕ್ ರೂಮಿನಲ್ಲಿ ಕೆಂಪು ಬಲ್ಬು ಧೈರ್ಯವಾಗಿ ಉರಿಯುತ್ತಿತ್ತು. ಕಪ್ಪುಬಿಳುಪಿನ ಪ್ರಿಂಟ್ ಕಾಗದಕ್ಕೆ ಆ ಬೆಳಕು ಬೆಳಕೇ ಅಲ್ಲ. ಓಸಲಿವನ್ನನ ಪ್ಲೇಟಿನ ಗತಿಯೂ ಅದೇ. ಕೆಂಪು ಬಂಡೆಯ ವಿವರ ಬರಲು ಪ್ಲೇಟನ್ನು ಹೆಚ್ಚು ಹೊತ್ತು ತೆರೆದಿಡಬೇಕು. ಅಷ್ಟರೊಳಗೆ ನೀಲಿ ಆಕಾಶ ಉರಿದು ಬಿಳಿಯಾಗುತ್ತಿತ್ತು. ಬಿಳಿಯ ಮೇಲೆ ಬಿಳಿ ಮೋಡ ಎಲ್ಲಿ ಕಾಣಬೇಕು?

ಸಂಜೆಯಲ್ಲಂತೂ ತೊಡಕು ಇನ್ನಷ್ಟು. ಇಳಿಬಿಸಿಲು ಗಾಳಿಯ ದಪ್ಪ ಪದರವನ್ನು ಹಾದು ಬರುವಾಗ ನೀಲಿ ದಾರಿಯಲ್ಲೇ ಚದುರಿಹೋಗುತ್ತದೆ, ಕೆಂಪು ಉಳಿಯುತ್ತದೆ. ಮುಂದೆ ಲಾರ್ಡ್ ರ‍್ಯಾಲೆ ಎನಿಸಿಕೊಂಡ ಜಾನ್ ಸ್ಟ್ರಟ್ ಇದನ್ನು ಲೆಕ್ಕ ಹಾಕಿ ವಿವರಿಸಿದ್ದು 1871ರಲ್ಲಿ. ಕೆಂಪು ಕಲ್ಲಿನ ಮೇಲೆ ಕೆಂಪು ಬೆಳಕು, ಎದುರಿಗೆ ಕೆಂಪು ಕಾಣದ ಗಾಜು. ಮರುಭೂಮಿಯ ಬಂಡೆ ತನ್ನ ಅತ್ಯಂತ ಚೆಲುವಾದ ಹೊತ್ತಿನಲ್ಲಿ ಇರುವಾಗ ಫೋಟೋಗ್ರಾಫರ್ ಗಂಟು ಕಟ್ಟಬೇಕಾಗಿತ್ತು.

ಉಪಾಯ ಹುಡುಕಿದವರಿದ್ದರು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲೇ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ತೆಗೆದು ಎರಡನ್ನೂ ಒಂದೇ ಕಾಗದದ ಮೇಲೆ ಮುದ್ರಿಸಿದ. ಎಡ್ವರ್ಡ್ ಮೈಬ್ರಿಜ್ ಮೋಡಗಳ ನೆಗೆಟಿವ್‌ಗಳನ್ನು ಕೂಡಿಟ್ಟುಕೊಂಡು ಬೇಕಾದ ದೃಶ್ಯಕ್ಕೆ ಸೇರಿಸುತ್ತಿದ್ದ. ಕಣ್ಣಿಗೆ ತಂಪೇ, ಆದರೆ ಒಂದು ದಿನದ ಬಿಸಿಲಿಗೆ ಇನ್ನೊಂದು ದಿನದ ಮೋಡ ಹೊದಿಸಿದ ಚಿತ್ರ ನನಗೆ ಒಪ್ಪಿಗೆಯಾಗುವುದಿಲ್ಲ. ಬಂಡೆ ಹಾಗೆ ಹೊಳೆಯುವುದು ಆ ಮೋಡ ಅಲ್ಲಿ ನಿಂತಿರುವುದರಿಂದಲೇ. ಆಕಾಶವನ್ನೇ ಹೊರಗಿಟ್ಟು, ಬಂಡೆಯಿಂದ ಚೌಕಟ್ಟು ತುಂಬಿದ ಓಸಲಿವನ್ನನ ದಾರಿ ಹೆಚ್ಚು ನೇರವಾದದ್ದು.

ಅವನು ಆ ಕಮರಿಯಲ್ಲಿದ್ದ ವರ್ಷವೇ, 1873ರಲ್ಲೇ, ಬರ್ಲಿನ್ನಿನಲ್ಲಿ ಗಂಟು ಬಿಚ್ಚಿತು. ಅಲ್ಲಿ ಫೋಟೋಗ್ರಫಿಯ ರಸಾಯನಶಾಸ್ತ್ರ ಕಲಿಸುತ್ತಿದ್ದ ಹರ್ಮನ್ ವಿಲ್ಹೆಲ್ಮ್ ಫೋಗೆಲ್‌ಗೆ ಮರುಭೂಮಿಯ ಯೋಚನೆ ಇರಲಿಲ್ಲ. ಬೆಳಕನ್ನು ರೋಹಿತವಾಗಿ ಬಿಡಿಸಿ ಪ್ಲೇಟಿನ ಮೇಲೆ ಬೀಳಿಸಿ, ಯಾವ ಬಣ್ಣ ಎಷ್ಟು ಕಪ್ಪು ಮೂಡಿಸುತ್ತದೆ ಎಂದು ಪರೀಕ್ಷಿಸುತ್ತಿದ್ದ. ಇಂಗ್ಲೆಂಡಿನಿಂದ ತರಿಸಿದ ಕೆಲವು ಒಣ ಬ್ರೋಮೈಡ್ ಪ್ಲೇಟುಗಳು ವಿಚಿತ್ರವಾಗಿ ನಡೆದುಕೊಂಡವು. ನೀಲಿಗಿಂತ ಹಸಿರು ಭಾಗದಲ್ಲಿ ಅವು ಹೆಚ್ಚು ಕಪ್ಪಾದವು. ಅದುವರೆಗಿನ ತಿಳಿವಳಿಕೆಯ ಪ್ರಕಾರ ಇದು ಆಗಬಾರದ ಮಾತು.

ಪ್ಲೇಟು ಕೆಟ್ಟಿದೆ ಎಂದು ಎತ್ತಿ ಇಟ್ಟಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಫೋಗೆಲ್ ಅದರ ಲೇಪವನ್ನು ದಿಟ್ಟಿಸಿದ. ಅದರಲ್ಲೊಂದು ಹಳದಿ ಛಾಯೆ ಇತ್ತು. ಲೇಪ ದಾಟಿದ ಬೆಳಕು ಗಾಜಿನ ಬೆನ್ನಿಗೆ ತಾಗಿ ಮರಳಿ ಬಂದು ಚಿತ್ರ ಮಸುಕಾಗದಿರಲೆಂದು ತಯಾರಕರು ಬೆರೆಸಿದ್ದ ಬಣ್ಣ ಅದು. ಮದ್ಯಸಾರದಿಂದ ಆ ಬಣ್ಣವನ್ನು ತೊಳೆದುಹಾಕಿದ. ಪ್ಲೇಟಿನ ಹಸಿರು ನೋಟವೂ ಅದರೊಡನೆ ಹೋಯಿತು. ಹಾಗಾದರೆ ಹಸಿರನ್ನು ಕಂಡದ್ದು ಬೆಳ್ಳಿಯ ಲವಣವಲ್ಲ, ಅದಕ್ಕೆ ಹತ್ತಿಕೊಂಡಿದ್ದ ಬಣ್ಣ. ಬಣ್ಣ ತಾನು ಹೀರಿದ ಬೆಳಕಿನ ಶಕ್ತಿಯನ್ನು ಪಕ್ಕದ ಬೆಳ್ಳಿ ಹರಳಿಗೆ ದಾಟಿಸುತ್ತಿತ್ತು. ಫೋಗೆಲ್ ಬೇಕೆಂದೇ ಪರೀಕ್ಷೆ ಮುಂದುವರಿಸಿದ: ಹಳದಿ ಬೆಳಕು ಹೀರುವ ಕೊರಾಲಿನ್ ಬೆರೆಸಿದರೆ ಪ್ಲೇಟು ಹಳದಿಗೆ ಎಚ್ಚೆತ್ತಿತು, ಕೆಂಪು ಹೀರುವ ಹಸಿರು ಅನಿಲಿನ್ ಬಣ್ಣ ಬೆರೆಸಿದರೆ ಕೆಂಪಿಗೆ. ಈ ಕೆಲಸದಲ್ಲಿ ನನಗೆ ತುಂಬ ಹಿಡಿಸುವುದು ಆ ಮದ್ಯಸಾರದ ತೊಳೆತ. ಇದ್ದದ್ದನ್ನು ತೆಗೆದು ನೋಡಿ, ಆಮೇಲೆ ತಾನೇ ಆರಿಸಿದ್ದನ್ನು ಹಾಕಿ ನೋಡಿದ. ಊಹೆಗೆ ಜಾಗವೇ ಉಳಿಯಲಿಲ್ಲ.

ಆದರೂ ಹಲವರು ನಂಬಲಿಲ್ಲ. ಮರುವರ್ಷ ಪ್ಯಾರಿಸ್ಸಿನ ಎಡ್ಮಂಡ್ ಬೆಕರೆಲ್ ಎಲೆಹಸಿರಿನಿಂದ ಅದೇ ಪರಿಣಾಮ ಪಡೆದ. ಮುಂದಿನ ಹೆಜ್ಜೆಗಳಲ್ಲೊಂದು ಬಿದ್ದದ್ದು ನಮ್ಮ ದೇಶದಲ್ಲಿ. ಕಲ್ಕತ್ತೆಯ ಸರ್ವೆ ಆಫ್ ಇಂಡಿಯಾ ಕಚೇರಿಯಲ್ಲಿ ನಕ್ಷೆಗಳ ಫೋಟೋ ಕೆಲಸ ನೋಡಿಕೊಳ್ಳುತ್ತಿದ್ದ ಜೇಮ್ಸ್ ವಾಟರ್‌ಹೌಸ್, ಇಯೋಸಿನ್ ಎಂಬ ಬಣ್ಣ ಪ್ಲೇಟನ್ನು ಹಸಿರು-ಹಳದಿಗೆ ಚುರುಕಾಗಿಸುತ್ತದೆ ಎಂದು 1875ರಲ್ಲಿ ತೋರಿಸಿದ. 1880ರ ದಶಕದಲ್ಲಿ ಮಾರುಕಟ್ಟೆಗೆ ಬಂದ ಆರ್ಥೋಕ್ರೊಮ್ಯಾಟಿಕ್ ಪ್ಲೇಟುಗಳಿಗೆ ಇಯೋಸಿನ್ ಆಧಾರವಾಯಿತು. ಕೆಂಪು ಮಾತ್ರ ಬಹಳ ಕಾಲ ಸತಾಯಿಸಿತು. ಕೆಂಪಿನವರೆಗೆ ಎಲ್ಲ ಬಣ್ಣ ಕಾಣುವ ಪ್ಯಾನ್‌ಕ್ರೊಮ್ಯಾಟಿಕ್ ಪ್ಲೇಟನ್ನು ಲಂಡನ್ನಿನ ರಾಟೆನ್ ಅಂಡ್ ವೇನ್‌ರೈಟ್ ಕಂಪನಿ ಮಾರಾಟಕ್ಕೆ ತಂದದ್ದು 1906ರಲ್ಲಿ. ಓಸಲಿವನ್ ಅದನ್ನು ನೋಡಲಿಲ್ಲ. 1882ರಲ್ಲಿ, ಇನ್ನೂ ನಡುವಯಸ್ಸಿನಲ್ಲೇ, ಕ್ಷಯದಿಂದ ತೀರಿಕೊಂಡಿದ್ದ.

ಕೆಂಪು ಕಾಣುವ ಪ್ಲೇಟು ಬಂದದ್ದೇ ಲೆನ್ಸಿನ ಮುಂದೆ ಕೆಂಪು ಗಾಜು ಇಡುವುದು ಸಾಧ್ಯವಾಯಿತು. ಕೆಂಪು ಫಿಲ್ಟರ್ ನೀಲಿಯನ್ನು ತಡೆಯುತ್ತದೆ, ಆಕಾಶ ಕಪ್ಪಾಗುತ್ತದೆ. ಮೋಡ ಎಲ್ಲ ಬಣ್ಣವನ್ನೂ ಹಿಂದಿರುಗಿಸುವುದರಿಂದ ಬೆಳ್ಳಗೇ ಉಳಿದು ಎದ್ದು ನಿಲ್ಲುತ್ತದೆ. ಕೆಂಪು ಬಂಡೆ ಬೆಳಗುತ್ತದೆ. 1873ರ ಪ್ಲೇಟಿನ ಲೆಕ್ಕ ಪೂರ್ತಿ ತಲೆಕೆಳಗು. 1927ರ ಏಪ್ರಿಲ್‌ನಲ್ಲಿ ಯೊಸೆಮಿಟಿಯ ಹಾಫ್ ಡೋಮ್ ಬಂಡೆಯೆದುರು ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್ ಮೊದಲು ಹಳದಿ ಫಿಲ್ಟರ್ ಹಾಕಿ ತೆಗೆದ. ತನ್ನ ಮನಸ್ಸಿನಲ್ಲಿದ್ದ ಗಂಭೀರ ಆಕಾಶ ಇದರಿಂದ ಬರದು ಎಂದು ಹೊಳೆದು, ಉಳಿದಿದ್ದ ಒಂದೇ ಪ್ಲೇಟಿಗೆ ಕಡುಗೆಂಪು ಫಿಲ್ಟರ್ ಹಾಕಿದ. ಹೆಸರಾದದ್ದು ಆ ಎರಡನೆಯ ಚಿತ್ರ.

ಆಡಮ್ಸ್‌ನ ಬಳಿ ಓಸಲಿವನ್ನನ ಸರ್ವೆ ಚಿತ್ರಗಳ ಆಲ್ಬಮ್ ಇತ್ತು. 1937ರಲ್ಲಿ ಅವನು ಅದೇ ಕ್ಯಾನಿಯನ್ ಡಿ ಶೇಗೆ ಹೋದಾಗ ತಂಡದಲ್ಲಿ ಚಿತ್ರಕಾರ್ತಿ ಜಾರ್ಜಿಯಾ ಓಕೀಫ್ ಇದ್ದಳು. ಅವಳ ಗಂಡ ಆಲ್ಫ್ರೆಡ್ ಸ್ಟೀಗ್ಲಿಟ್ಸ್ 1880ರ ದಶಕದಲ್ಲಿ ಬರ್ಲಿನ್ನಿನಲ್ಲಿ ಫೋಗೆಲ್‌ನ ತರಗತಿಯಲ್ಲೇ ಫೋಟೋಗ್ರಫಿ ಕಲಿತವನು, 1922ರಿಂದ ವರ್ಷಗಟ್ಟಲೆ ಬರೀ ಮೋಡಗಳನ್ನೇ ತೆಗೆದವನು. ಕಮರಿಯ ಅಂಚಿನಲ್ಲಿ ಓಕೀಫ್ ಮತ್ತು ದಾರಿ ತೋರಿಸುತ್ತಿದ್ದ ಆರ್ವಿಲ್ ಕಾಕ್ಸ್ ನಿಂತಿರುವ ಆಡಮ್ಸ್‌ನ ಪುಟ್ಟ ಕ್ಯಾಮೆರಾದ ಚಿತ್ರದಲ್ಲಿ ಇಬ್ಬರ ಹಿಂದೆ ಮೋಡ ಕವಿದ ಆಕಾಶವಿದೆ. ಮುಂದೆ 1940ರ ದಶಕದ ಆರಂಭದಲ್ಲಿ ಅವನು ಪೊಟರೆಯ ಮನೆಗಳನ್ನೂ ಹೆಚ್ಚುಕಡಿಮೆ ಓಸಲಿವನ್ ನಿಂತ ಜಾಗದಿಂದಲೇ ತೆಗೆದ. ಆಕಾಶ ಹಿಡಿಯುವ ಸಾಧನ ಕೈಯಲ್ಲಿದ್ದೂ ಅವನೂ ಅಲ್ಲಿ ಬಂಡೆಯಿಂದಲೇ ಚೌಕಟ್ಟು ತುಂಬಿದ. ಓಸಲಿವನ್ನನ ಆಯ್ಕೆ ಎಷ್ಟು ಗಟ್ಟಿ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಬಣ್ಣದಲ್ಲಿ ಬಿರುಗಾಳಿಯ ಆಕಾಶ ಹಿಡಿದದ್ದು ಸಿನಿಮಾದವರು. ಜಾನ್ ಫೋರ್ಡ್‌ನ 1949ರ 'ಶಿ ವೋರ್ ಎ ಯೆಲ್ಲೋ ರಿಬ್ಬನ್' ಚಿತ್ರದಲ್ಲಿ ಕುದುರೆ ಸವಾರರ ದಳ ಮಾನ್ಯುಮೆಂಟ್ ವ್ಯಾಲಿಯ ಬಂಡೆಗಳ ನಡುವೆ ಹೋಗುವಾಗ ಆಕಾಶ ಕಪ್ಪಿಟ್ಟು ಮಿಂಚುತ್ತದೆ. ಅದು ನಿಜವಾದ ಗುಡುಗು ಮಳೆ. ಅದನ್ನು ಹಿಡಿದ ಟೆಕ್ನಿಕಲರ್ ಕ್ಯಾಮೆರಾ ಮೂರು ಫಿಲ್ಮುಗಳನ್ನು ಒಟ್ಟಿಗೆ ಓಡಿಸುವ, ಬೆಳಕಿಗೆ ಬಹಳ ಹಸಿದ ಯಂತ್ರ. ಕಾರ್ಮೋಡದ ಕೆಳಗೆ ಅದನ್ನು ಓಡಿಸುವುದೇ ಸಾಹಸ. ಕೆಂಪಿಗೆ ಮೀಸಲಾದ ಫಿಲ್ಮು ಕೆಂಪನ್ನು ಕಂಡದ್ದು ಫೋಗೆಲ್ ತೋರಿಸಿದ ದಾರಿಯಲ್ಲಿ ಬೆರೆಸಿದ ಬಣ್ಣದಿಂದಲೇ. ಛಾಯಾಗ್ರಾಹಕ ವಿಂಟನ್ ಹೋಕ್‌ಗೆ ಆ ಚಿತ್ರಕ್ಕೆ ಆಸ್ಕರ್ ಬಂತು.

ಇವತ್ತಿನ ಡಿಜಿಟಲ್ ಕ್ಯಾಮೆರಾದ ತೊಂದರೆ ಓಸಲಿವನ್ನನ ಪ್ಲೇಟಿನ ತೊಂದರೆಗೆ ಪೂರ್ತಿ ಎದುರು. ಅದರೊಳಗಿನ ಸಿಲಿಕಾನ್ ಕೆಂಪನ್ನೂ ದಾಟಿ, ನಮ್ಮ ಕಣ್ಣಿಗೆ ಕಾಣದ ಅವಗೆಂಪನ್ನೂ ನೋಡುತ್ತದೆ; ಅದನ್ನು ತಡೆಯಲೆಂದೇ ಸೆನ್ಸರಿನ ಮುಂದೆ ಒಂದು ಫಿಲ್ಟರ್ ಕೂರಿಸಿರುತ್ತಾರೆ. ಸಂಜೆಯ ಬಂಡೆಯೆದುರು ನಿಂತವರು ಇನ್ನೊಂದನ್ನೂ ಗಮನಿಸಬೇಕು. ವೈಟ್ ಬ್ಯಾಲೆನ್ಸ್ ಆಟೋದಲ್ಲಿದ್ದರೆ ಕ್ಯಾಮೆರಾ ಇಳಿಬಿಸಿಲಿನ ಕೆಂಪನ್ನು ದೋಷವೆಂದು ತಿಳಿದು ತಾನಾಗಿಯೇ ತಗ್ಗಿಸಿಬಿಡುತ್ತದೆ. ಅದನ್ನು ಡೇಲೈಟಿಗೆ ತಿರುಗಿಸಿ. ಬೆಳಕನ್ನು ಬಂಡೆಯ ಬೆಳಗುವ ಭಾಗಕ್ಕೆ ಅಳೆಯಿರಿ, ಹಿಂದಿನ ಮೋಡ ಕಪ್ಪಾದರೆ ಆಗಲಿ. ಸೂರ್ಯ ಮತ್ತೆ ಮೋಡಕ್ಕೆ ಸಿಗುವ ಮೊದಲು ಕೈಯಲ್ಲಿರುವುದು ಕೆಲವೇ ನಿಮಿಷ.