ಹಳೇ ವಿಂಡೋಸಿಗೆ ದೊಡ್ಡ ಡಿಸ್ಕು

ಗುಬ್ಬಿಯ ಡಿಟಿಪಿ ಸೆಂಟರಿನಿಂದ ಫೋನು: ‘ಅಣ್ಣಾ, 40 ಜಿ.ಬಿ. ಡಿಸ್ಕು ಕಟಕಟ ಅಂತಿದೆ, ಹೊಸದು ಹಾಕಿಕೊಡಿ. ಎಕ್ಸ್‌ಪಿನೇ ಇರಲಿ.’

ತುಮಕೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನನಗೆ ಕುಣಿಗಲ್ಲಿನಿಂದಲೂ ಇಂಥದೇ ಕರೆ ಬರುತ್ತದೆ. ‘ಇನ್ನೂ ಎಕ್ಸ್‌ಪಿ ಯಾಕೆ?’ ಎಂದು ನಾನು ಕೇಳುವುದಿಲ್ಲ. ಗುಬ್ಬಿಯಪ್ಪನ ಜಾತ್ರೆಯ ಕರಪತ್ರ, ಊರವರ ಮದುವೆ ಕಾರ್ಡು, ಎಲ್ಲವೂ ಹಳೇ ಫಾಂಟಿನಲ್ಲಿ, ಪೇಜ್‌ಮೇಕರಿನಲ್ಲಿವೆ. ಕೆಲವು ಕನ್ನಡ ತಂತ್ರಾಂಶಗಳ ನಕಲು ತಡೆಯುವ ಲಾಕನ್ನು ಪ್ರಿಂಟರ್ ಪೋರ್ಟಿಗೇ ಸಿಕ್ಕಿಸಬೇಕು.

ಈಗ ಹೊಸದಾಗಿ ಸಿಗುವುದು 500 ಜಿ.ಬಿ., 1 ಟಿ.ಬಿ. ಡಿಸ್ಕು. ತೊಂದರೆ ಶುರುವಾಗುವುದೇ ಅಲ್ಲಿ. ವಿಂಡೋಸ್ ಕಣ್ಣಿಗೆ ಡಿಸ್ಕಿನ ಜಾಗವೆಲ್ಲ 512 ಬೈಟಿನ ಸೆಕ್ಟರುಗಳು, ಪ್ರತಿ ಸೆಕ್ಟರಿಗೂ ಒಂದು ನಂಬರು. ವಿಂಡೋಸ್ 98 ಹಾಗೂ 2001ರ ಮೊದಲ ಎಕ್ಸ್‌ಪಿ ಆ ನಂಬರನ್ನು 28 ಬಿಟ್‌ನಲ್ಲಿ ಬರೆಯುತ್ತವೆ. ಲೆಕ್ಕ ಹಾಕಿದರೆ 137 ಜಿ.ಬಿ.ಗೆ ನಂಬರು ಮುಗಿಯಿತು. ವಿಂಡೋಸ್ ಇದನ್ನೇ ತನ್ನ ಲೆಕ್ಕದಲ್ಲಿ 128 ಜಿ.ಬಿ. ಎಂದು ತೋರಿಸುತ್ತದೆ. ಬೇರೆ ಕಂಪ್ಯೂಟರಿನಲ್ಲಿ ಇದಕ್ಕಿಂತ ದೊಡ್ಡ ಪಾರ್ಟಿಷನ್ ಮಾಡಿ ತಂದು ಹಾಕಿದರೆ ಮೊದಮೊದಲು ಎಲ್ಲ ಸರಿಯಾಗಿಯೇ ಇರುತ್ತದೆ. ಫೈಲುಗಳು ತುಂಬಿ ಆ ಗಡಿ ದಾಟಿದ ದಿನ ನಂಬರು ಮತ್ತೆ ಸೊನ್ನೆಯಿಂದ ಶುರುವಾಗಿ, ಹೊಸ ಫೈಲು ಡಿಸ್ಕಿನ ತಲೆಭಾಗದ ಮೇಲೆ ಬರೆದುಕೊಳ್ಳಬಹುದು. ಯಾವ ಫೈಲು ಎಲ್ಲಿದೆ ಎಂಬ ಪಟ್ಟಿ ಇರುವುದೂ ಅಲ್ಲೇ. ಒಂದೇ ಏಟಿಗೆ ವರ್ಷಗಳ ಕೆಲಸ ಹೋಗುತ್ತದೆ.

ಆದ್ದರಿಂದ ಎಕ್ಸ್‌ಪಿ ಹಾಕುವುದಾದರೆ ಈ ಗಡಿ ದಾಟಬಲ್ಲ ಸರ್ವಿಸ್ ಪ್ಯಾಕ್ 3 ಸೇರಿರುವ ಸಿ.ಡಿ.ಯನ್ನೇ ಹಿಡಿಯಿರಿ. ನಾನು ಲಿನಕ್ಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಜಿಪಾರ್ಟೆಡ್‌ನಲ್ಲಿ ಮೊದಲೇ ಭಾಗ ಮಾಡಿಕೊಳ್ಳುತ್ತೇನೆ: ಸಿ ಡ್ರೈವಿಗೆ 40 ಜಿ.ಬಿ. ಸಾಕು, ಫೈಲುಗಳೆಲ್ಲ ಡಿ ಡ್ರೈವಿಗೆ. ಪಾರ್ಟಿಷನ್ ಟೇಬಲ್ ಹಳೇ ಬಗೆಯ ಎಂಬಿಆರ್ ಆಗಿರಲಿ. ಹೊಸ ಬಗೆಯ ಜಿಪಿಟಿ ಡಿಸ್ಕಿನಿಂದ ಎಕ್ಸ್‌ಪಿ ಬೂಟ್ ಆಗದು. ಎಂಬಿಆರ್‌ಗೂ ಸುಮಾರು 2 ಟಿ.ಬಿ. ಮಿತಿಯಿದೆ. ಮೊದಲ ಭಾಗ 1 ಎಂ.ಬಿ. ಬಿಟ್ಟು ಶುರುವಾಗಲಿ. ಎಕ್ಸ್‌ಪಿ ತಾನಾಗಿ ಮಾಡಿದರೆ 63ನೇ ಸೆಕ್ಟರಿನಿಂದ ಶುರುಮಾಡುತ್ತದೆ, ಒಳಗೆ 4096 ಬೈಟ್ ಸೆಕ್ಟರಿರುವ ಈಗಿನ ಡಿಸ್ಕುಗಳು ಅದರಿಂದ ನಿಧಾನವಾಗುತ್ತವೆ. ಇನ್‌ಸ್ಟಾಲ್ ಮಧ್ಯೆ ನೀಲಿ ಪರದೆ ಬಂದರೆ ಬಯೋಸ್‌ನಲ್ಲಿ ಸಾಟಾ ಮೋಡನ್ನು ಐಡಿಇಗೆ ಬದಲಿಸಿ ನೋಡಿ.

ವಿಂಡೋಸ್ 98 ಇನ್ನೂ ಸೂಕ್ಷ್ಮ. ಅದರ ಹಳೇ ಪಾರ್ಟಿಷನ್ ತಂತ್ರಾಂಶ ಎಫ್‌ಡಿಸ್ಕ್ 64 ಜಿ.ಬಿ. ಮೀರಿದ ಡಿಸ್ಕಿನಲ್ಲಿ ಆ 64 ಕಳೆದು ಉಳಿದದ್ದನ್ನಷ್ಟೇ ತೋರಿಸುತ್ತದೆ. ವಿಂಡೋಸ್ 98ಕ್ಕೆ ಸಣ್ಣ ಹಳೇ ಡಿಸ್ಕೇ ಮೇಲು.

ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್ 8ಕ್ಕೇ ನಿಂತಿದೆ, ಅದಕ್ಕೆ ಇಂಟರ್‌ನೆಟ್ ಕೊಡಬೇಡಿ. ಎಲ್ಲಕ್ಕಿಂತ ಮೊದಲು, ಕಟಕಟ ಸದ್ದು ಕೇಳಿದ ದಿನವೇ ಹಳೇ ಡಿಸ್ಕಿನ ಫೈಲುಗಳನ್ನು ಎರಡು ಕಡೆ ಕಾಪಿ ಮಾಡಿಸಿಕೊಳ್ಳಿ. ಪಾರ್ಟಿಷನ್ ಕೆಲಸ ಆಮೇಲೆ.