ಗಡ್ಡೆಯೆಲ್ಲವೂ ಕ್ಯಾನ್ಸರ್ ಅಲ್ಲ

ಹರ್ನಿಯಾ ಶಸ್ತ್ರಚಿಕಿತ್ಸೆಗೆ ಮುನ್ನ ತೆಗೆಸಿದ ಎಕ್ಸ್-ರೇಯಲ್ಲಿ ನನ್ನ ಬಲ ಶ್ವಾಸಕೋಶದಲ್ಲಿ ನಾಣ್ಯದಗಲದ ನೆರಳೊಂದು ಕಾಣಿಸಿತು. ವರದಿಯಲ್ಲಿದ್ದ ಪದ ‘ಗಡ್ಡೆ’. ಮನೆಯವರೆಲ್ಲ ಓದಿಕೊಂಡದ್ದು ‘ಕ್ಯಾನ್ಸರ್’. ಮೂರೇ ದಿನಗಳಲ್ಲಿ ನಾನು ಉಯಿಲಿನ ಕರಡು ಸಿದ್ಧಪಡಿಸಿದೆ. ಮೂವತ್ತು ವರ್ಷ ಕಡತಗಳ ಮೇಲೆ ‘ಪರಿಶೀಲಿಸಿ ಮಂಡಿಸಿ’ ಎಂದು ಬರೆದವನು, ನನ್ನದೇ ಕಡತದಲ್ಲಿ ಪರಿಶೀಲನೆಗೆ ಮೊದಲೇ ಆದೇಶ ಹೊರಡಿಸಿದ್ದೆ.

ಗಡ್ಡೆಯೆಂದರೆ ಜೀವಕೋಶಗಳ ಅಸಹಜ ಬೆಳವಣಿಗೆ. ಇದ್ದಲ್ಲಿಯೇ ಉಳಿಯುವಂಥದ್ದು ಸಾಮಾನ್ಯವಾಗಿ ನಿರುಪದ್ರವಿ. ಸುತ್ತಲಿನ ಅಂಗಾಂಶವನ್ನು ಆಕ್ರಮಿಸಿ, ಇತರ ಅಂಗಗಳಿಗೂ ಹರಡುವ ಸ್ವಭಾವದ್ದು ಕ್ಯಾನ್ಸರ್. ಎಕ್ಸ್-ರೇಯ ನೆರಳು ಗಡ್ಡೆಯೇ ಆಗಿರಬೇಕೆಂದೂ ಇಲ್ಲ. ಕ್ಷಯರೋಗ ವ್ಯಾಪಕವಾಗಿರುವ ನಮ್ಮ ದೇಶದಲ್ಲಿ, ವಾಸಿಯಾದ ಹಳೆಯ ಸೋಂಕಿನ ಗುರುತೂ ಹಾಗೆಯೇ ಕಾಣಬಲ್ಲದು.

ಅರ್ಥಶಾಸ್ತ್ರ ಓದಿದ ನನಗೆ ಅಂಕಿಅಂಶಗಳೇ ಧೈರ್ಯ ತುಂಬಿದವು. ಅಮೆರಿಕದಲ್ಲಿ ದೀರ್ಘಕಾಲ ಧೂಮಪಾನ ಮಾಡಿದ್ದ 53 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಅದರಲ್ಲಿ ಸಿ.ಟಿ. ಸ್ಕ್ಯಾನ್ ಶಂಕಾಸ್ಪದವೆಂದು ಗುರುತಿಸಿದ ಫಲಿತಾಂಶಗಳ ಪೈಕಿ ಶೇ 96ರಷ್ಟು ಕ್ಯಾನ್ಸರ್ ಆಗಿರಲಿಲ್ಲ. ಅದೇ ವೇಳೆ, ಎಕ್ಸ್-ರೇ ತಪಾಸಣೆಗೆ ಒಳಗಾದವರಿಗೆ ಹೋಲಿಸಿದರೆ, ಸ್ಕ್ಯಾನ್ ಮಾಡಿಸಿಕೊಂಡವರಲ್ಲಿ ಶ್ವಾಸಕೋಶ ಕ್ಯಾನ್ಸರಿನಿಂದಾದ ಸಾವು ಶೇ 20ರಷ್ಟು ಕಡಿಮೆಯಿತ್ತು. ಅಂದರೆ, ನೆರಳನ್ನು ಕಂಡು ಹೆದರುವುದೂ ತಪ್ಪು, ಅದನ್ನು ಕಡೆಗಣಿಸುವುದೂ ತಪ್ಪು.

ಬಯಾಪ್ಸಿಯ ವರದಿ ಬಂದಿತು. ನನ್ನದು ಹಮಾರ್ಟೋಮಾ, ಮೃದ್ವಸ್ಥಿ, ಕೊಬ್ಬುಗಳಿಂದಾದ ನಿರುಪದ್ರವಿ ಗಡ್ಡೆ. ಉಯಿಲು ಕಪಾಟು ಸೇರಿತು.

ಆದರೆ ನನ್ನ ಭಾವನವರಿಗೆ ಈ ಭಾಗ್ಯವಿರಲಿಲ್ಲ. ಅದಕ್ಕೆ ಎರಡು ವರ್ಷ ಮೊದಲು, ಸಿಗರೇಟನ್ನೇ ಮುಟ್ಟದ ಅವರ ಶ್ವಾಸಕೋಶದಲ್ಲೂ ಇಂಥದೇ ನೆರಳು ಕಂಡಿತ್ತು. ಕಫದ ಪರೀಕ್ಷೆಯೂ ಇಲ್ಲದೆ ಕ್ಷಯವೆಂದು ಆರು ತಿಂಗಳು ಮಾತ್ರೆ ನುಂಗಿದರು. ‘ಸೂಜಿ ಚುಚ್ಚಿದರೆ ರೋಗ ಹರಡುತ್ತದೆ’ ಎಂದು ಬಂಧುಗಳು ಬಯಾಪ್ಸಿಗೆ ಅಡ್ಡಿಪಡಿಸಿದಾಗ ನಾನೂ ತಲೆಯಾಡಿಸಿದ್ದೆ. ಹಾಗೆ ಹರಡುವುದು ಅತಿ ವಿರಳವೆಂದು ತಿಳಿದದ್ದು ಆಮೇಲೆ. ಕೊನೆಗೆ ಪರೀಕ್ಷೆಯಾಗುವ ಹೊತ್ತಿಗೆ ಕ್ಯಾನ್ಸರ್ ಮೂಳೆಗಳನ್ನು ತಲುಪಿತ್ತು.

ಆದ್ದರಿಂದ ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ಹಳೆಯ ಎಕ್ಸ್-ರೇಗಳನ್ನು ಎಸೆಯದಿರಿ; ನೆರಳು ಬೆಳೆದಿದೆಯೇ, ಇದ್ದಂತೆಯೇ ಇದೆಯೇ ಎಂಬುದಕ್ಕೆ ಅವೇ ಸಾಕ್ಷಿ. ವೈದ್ಯರು ಬಯಾಪ್ಸಿ ಬೇಕೆಂದರೆ ಮುಂದೂಡದಿರಿ. ಅದರ ಫಲಿತಾಂಶ ಬರುವವರೆಗೆ ‘ಕ್ಯಾನ್ಸರ್’ ಎಂದೂ ‘ಏನೂ ಇಲ್ಲ’ ಎಂದೂ ತೀರ್ಮಾನಿಸದಿರಿ. ನನ್ನ ಭಾವನವರಿಗೆ ನಾನು ಹೇಳಬೇಕಾಗಿದ್ದ ಮಾತೂ ಇದೇ.